‘ಹಾಕು’ ಎಂಬುದಕ್ಕೆ ಇಂಗ್ಲಿಷಿನಲ್ಲಿ ಏನು? ಮಕ್ಕಳ ಬರವಣಿಗೆಗೆ ಒಪ್ಪುವ ಕ್ರಿಯಾಪದ ಹುಡುಕುವ ಬಗೆ

ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳ ಇಂಗ್ಲಿಷ್ ನೋಟ್‌ಬುಕ್ ನನ್ನ ಮುಂದಿತ್ತು. ವಿಷಯ, ‘ನಮ್ಮ ಮನೆಯ ಬೆಳಗು’. ಮುತ್ತು ಪೋಣಿಸಿದಂಥ ಅಕ್ಷರ. ಸ್ಪೆಲಿಂಗ್ ತಪ್ಪು ಒಂದೂ ಇಲ್ಲ, ಪೂರ್ಣವಿರಾಮಗಳೆಲ್ಲ ಇರಬೇಕಾದಲ್ಲೇ ಇದ್ದವು. ಬರೆದದ್ದು ಹೀಗೆ:

“ಮೈ ಮದರ್ ಪುಟ್ಸ್ ರಂಗೋಲಿ. ಶಿ ಪುಟ್ಸ್ ರೈಸ್ ಟು ದ ಡಾಗ್. ಐ ಪುಟ್ ವಾಟರ್ ಟು ದ ಪ್ಲಾಂಟ್ಸ್. ದೆನ್ ಐ ಪುಟ್ ಯೂನಿಫಾರ್ಮ್. ಮೈ ಫಾದರ್ ಪುಟ್ಸ್ ಲಾಕ್ ಟು ದ ಡೋರ್.”

ಐದು ವಾಕ್ಯ, ಐದು ‘ಪುಟ್’. ಇದನ್ನೇ ಕನ್ನಡದಲ್ಲಿ ಓದಿಕೊಂಡು ನೋಡಿ. ಅಮ್ಮ ರಂಗೋಲಿ ಹಾಕುತ್ತಾಳೆ, ನಾಯಿಗೆ ಅನ್ನ ಹಾಕುತ್ತಾಳೆ, ನಾನು ಗಿಡಗಳಿಗೆ ನೀರು ಹಾಕುತ್ತೇನೆ, ಆಮೇಲೆ ಯೂನಿಫಾರ್ಮ್ ಹಾಕಿಕೊಳ್ಳುತ್ತೇನೆ, ಅಪ್ಪ ಬಾಗಿಲಿಗೆ ಬೀಗ ಹಾಕುತ್ತಾರೆ. ಒಂದು ಮಾತಿನಲ್ಲೂ ಕುಂದಿಲ್ಲ. ನಮ್ಮ ನಿಮ್ಮ ಮನೆಯ ಬೆಳಗೇ.

ನಾನು ಐದಕ್ಕೂ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ ‘ಕ್ರಿಯಾಪದ ತಪ್ಪು’ ಎಂದು ಬರೆದು ಕೊಟ್ಟೆ. (ಸುತ್ತು ‘ಹಾಕಿ’ ಎಂದೇ ನನ್ನ ಪೆನ್ನಿನಿಂದಲೂ ಬಂತು, ನೋಡಿ.) ಮರುದಿನ ಅವಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕೇಳಿದಳು: “ಹಾಗಾದರೆ ‘ಹಾಕು’ ಎನ್ನುವುದಕ್ಕೆ ಇಂಗ್ಲಿಷಿನಲ್ಲಿ ಏನು, ಮಿಸ್?”

ಇಷ್ಟು ವರ್ಷ ಪಾಠ ಮಾಡಿದ ನನ್ನ ಬಾಯಿ ಕಟ್ಟಿತು. ಆ ಪ್ರಶ್ನೆಗೆ ಉತ್ತರವೇ ಇಲ್ಲ, ಪ್ರಶ್ನೆಯನ್ನೇ ತಿರುಗಿಸಿ ಕೇಳಬೇಕು ಎಂದು ಹೊಳೆಯುವ ಹೊತ್ತಿಗೆ ಸಂಜೆಯಾಗಿತ್ತು. ಅಂದಿನಿಂದ ತರಗತಿಯಲ್ಲಿ ನಾನು ಅನುಸರಿಸುತ್ತಿರುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ನೋಟ್‌ಬುಕ್ ತಿದ್ದುವ ಶಿಕ್ಷಕರಿಗೂ, ಮನೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಬರೆಸುವವರಿಗೂ, ತಮ್ಮ ಬರಹವನ್ನು ತಾವೇ ತಿದ್ದಿಕೊಳ್ಳುವ ಪಿಯುಸಿ, ಪದವಿ ವಿದ್ಯಾರ್ಥಿಗಳಿಗೂ ಆದೀತು.

ಭಾರ ಹೊರುವುದು ಯಾರು?

‘ಬೀಗ ಹಾಕು’, ‘ಸಹಿ ಹಾಕು’, ‘ಅರ್ಜಿ ಹಾಕು’, ‘ಮತ ಹಾಕು’, ‘ಲೆಕ್ಕ ಹಾಕು’. ಇವುಗಳಲ್ಲಿ ಅರ್ಥವೆಲ್ಲ ಮೊದಲ ಪದದಲ್ಲಿದೆ. ‘ಹಾಕು’ ಇರುವುದು ಕಾಲ, ಲಿಂಗ, ವಚನಗಳ ಪ್ರತ್ಯಯವನ್ನು ಹೊರುವುದಕ್ಕೆ. ‘ಮಾಡು’, ‘ಆಗು’, ‘ಕೊಡು’, ‘ಹೊಡೆ’, ‘ಬೀಳು’, ‘ಹಿಡಿ’, ‘ಕಟ್ಟು’ಗಳೂ ಎಷ್ಟೋ ಕಡೆ ಇದೇ ಕೆಲಸಕ್ಕೆ ನಿಲ್ಲುತ್ತವೆ. ಹೊರಗಿನಿಂದ ಯಾವ ಪದ ಬಂದರೂ ಬೆನ್ನಿಗೊಂದು ‘ಮಾಡು’ ಕಟ್ಟಿ ಮನೆಯೊಳಗೆ ಸೇರಿಸಿಕೊಳ್ಳುತ್ತೇವೆ: ಡೌನ್‌ಲೋಡ್ ಮಾಡು, ರಿಪೇರಿ ಮಾಡು, ಅಡ್ಜಸ್ಟ್ ಮಾಡು. ಇದು ನಮ್ಮ ಭಾಷೆಯ ಜಾಣತನ. ಇದನ್ನು ದೋಷವೆಂದು ಮಕ್ಕಳ ತಲೆಗೆ ತುಂಬಬೇಡಿ.

ಇಂಗ್ಲಿಷಿನಲ್ಲಿ ಬಹಳಷ್ಟು ಕಡೆ ಕ್ರಿಯಾಪದವೇ ಪೂರ್ತಿ ಭಾರ ಹೊರುತ್ತದೆ. ಬೀಗ ಹಾಕುವುದು ‘ಲಾಕ್’, ಸಹಿ ಹಾಕುವುದು ‘ಸೈನ್’, ಅರ್ಜಿ ಹಾಕುವುದು ‘ಅಪ್ಲೈ’, ಮತ ಹಾಕುವುದು ‘ವೋಟ್’. ಆ ಭಾಷೆಯಲ್ಲೂ ಹೀಗೆ ಸ್ವಂತ ಅರ್ಥ ಕಡಿಮೆಯಿರುವ ಹಗುರ ಕ್ರಿಯಾಪದಗಳಿವೆ: ‘ಮೇಕ್’, ‘ಡೂ’, ‘ಟೇಕ್’, ‘ಹ್ಯಾವ್’, ‘ಗಿವ್’. ಆದರೆ ಯಾವ ನಾಮಪದಕ್ಕೆ ಯಾವುದು ಜೊತೆ ಎನ್ನುವುದು ಅದರದೇ ರೂಢಿ. ನಮ್ಮ ‘ಮಾಡು’ವಿಗೂ ಅವರ ‘ಡೂ’ಗೂ ನೆಂಟಸ್ತನವಿಲ್ಲ.

ಹಾಗಾಗಿ ಕನ್ನಡದ ಕ್ರಿಯಾಪದವನ್ನು ಹಿಡಿದು ಇಂಗ್ಲಿಷಿಗೆ ಹೊರಟರೆ ದಾರಿ ತಪ್ಪುತ್ತದೆ. ನಾಮಪದವನ್ನು ಹಿಡಿದು ಹೊರಡಬೇಕು. ಮುಂದಿನ ಹೆಜ್ಜೆಗಳೆಲ್ಲ ಇದರ ವಿವರವೇ.

ಮೊದಲ ಹೆಜ್ಜೆ: ಕ್ರಿಯಾಪದಗಳಿಗಷ್ಟೇ ಗೆರೆ

ಬರೆದು ಮುಗಿಸಿದ ಮೇಲೆ ಪೆನ್ಸಿಲ್ ಹಿಡಿದು ಕ್ರಿಯಾಪದಗಳಿಗೆ ಮಾತ್ರ ಅಡಿಗೆರೆ ಎಳೆಯಲಿ. ಬೇರೆ ಏನನ್ನೂ ತಿದ್ದುವುದು ಬೇಡ. ಆಮೇಲೆ ಎಣಿಸಲಿ. ಒಂದು ಪುಟದಲ್ಲಿ ಒಂದೇ ಕ್ರಿಯಾಪದ ಮೂರು ಸಲಕ್ಕಿಂತ ಹೆಚ್ಚು ಕಂಡರೆ, ಅದರ ಹಿಂದೆ ಕನ್ನಡದ ಯಾವುದೋ ಹಗುರ ಕ್ರಿಯಾಪದ ಅಡಗಿ ಕೂತಿರುವ ಸಂಭವ ಹೆಚ್ಚು. ‘ಪುಟ್’ ಕಂಡರೆ ‘ಹಾಕು’, ‘ಡೂ’ ಕಂಡರೆ ‘ಮಾಡು’, ‘ಕಮ್’ ಕಂಡರೆ ‘ಬರು’. ಐದು ನಿಮಿಷದ ಕೆಲಸ. ಮಕ್ಕಳಿಗೆ ಇದು ಕಳ್ಳ-ಪೊಲೀಸ್ ಆಟದ ಹಾಗೆ ಇರುತ್ತದೆ, ತಾವೇ ಹಿಡಿಯುತ್ತಾರೆ.

ಎರಡನೆಯ ಹೆಜ್ಜೆ: ಎರಡು ಪದ ಒಂದಾಗುತ್ತದೆಯೇ?

ಗೆರೆ ಎಳೆದ ಪ್ರತಿಯೊಂದರ ಎದುರೂ ಕೇಳಬೇಕಾದ ಪ್ರಶ್ನೆ: ಇಲ್ಲಿ ಕಣ್ಣಿಗೆ ಕಾಣುವ ಕೆಲಸ ಯಾವುದು? ಅದಕ್ಕೆ ಇಂಗ್ಲಿಷಿನಲ್ಲಿ ಒಂದೇ ಪದ ಇದೆಯೇ? ಆ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವಳ ಐದು ವಾಕ್ಯಗಳನ್ನೇ ಬಿಡಿಸಿದೆವು.

ಬೀಗದ್ದು ಸುಲಭ. ‘ಲಾಕ್’ ಎಂಬುದು ಬೀಗವೂ ಹೌದು, ಬೀಗ ಹಾಕುವುದೂ ಹೌದು. “ಮೈ ಫಾದರ್ ಲಾಕ್ಸ್ ದ ಡೋರ್” ಎಂದರೆ ಮುಗಿಯಿತು. ‘ಟು’ ತಾನಾಗಿಯೇ ಉದುರಿಹೋಯಿತು.

ನೀರು ಹಾಕುವುದಕ್ಕೆ ಅವಳು ‘ಪೋರ್’ ಎಂದಳು. ತಪ್ಪೇನಲ್ಲ, ಆದರೆ ಪಾತ್ರೆಯಿಂದ ಸುರಿದಂತೆ ಕೇಳಿಸುತ್ತದೆ. ಇಂಗ್ಲಿಷಿನಲ್ಲಿ ‘ವಾಟರ್’ ಎಂಬ ನಾಮಪದವೇ ಕ್ರಿಯಾಪದವಾಗಿ ನಿಲ್ಲುತ್ತದೆ: “ಐ ವಾಟರ್ ದ ಪ್ಲಾಂಟ್ಸ್.” ಇದನ್ನು ಕೇಳಿ ಅವಳಿಗೆ ನಗು ಬಂತು, ‘ನಾನು ಗಿಡಗಳನ್ನು ನೀರುತ್ತೇನೆ’ ಎಂದು ಹೇಳಿದ ಹಾಗೆ. ಆದರೆ ಆ ಭಾಷೆಯ ಸಹಜ ನಡೆಯೇ ಅದು. ಹಾಲಿನಿಂದ ‘ಮಿಲ್ಕ್’ ಎಂದರೆ ಹಾಲು ಕರೆಯುವುದು, ಎಣ್ಣೆಯಿಂದ ‘ಆಯಿಲ್’ ಎಂದರೆ ಎಣ್ಣೆ ಬಿಡುವುದು, ಬೆಣ್ಣೆಯಿಂದ ‘ಬಟರ್’ ಎಂದರೆ ಬೆಣ್ಣೆ ಸವರುವುದು. ನಾವು ಮೂರು ಕಡೆ ಮೂರು ಕ್ರಿಯಾಪದ ಬಳಸುತ್ತೇವೆ, ಅವರು ವಸ್ತುವನ್ನೇ ಕೆಲಸಕ್ಕೆ ಹಚ್ಚುತ್ತಾರೆ.

ನಾಯಿಗೆ ಅನ್ನ ಹಾಕುವುದು ‘ಫೀಡ್’. ಇಲ್ಲಿ ಅನ್ನವನ್ನು ಹೇಳಲೇಬೇಕೆಂದಿಲ್ಲ, “ಶಿ ಫೀಡ್ಸ್ ದ ಡಾಗ್” ಸಾಕು. ಮನೆಗೆ ಬಂದವರಿಗೆ ಅಮ್ಮ ಊಟ ಹಾಕಿದರೆ ಮಾತ್ರ ‘ಫೀಡ್’ ಎಂದು ಕಣ್ಣುಮುಚ್ಚಿ ಬರೆಯಬಾರದು, ಬಡಿಸುವ ಅರ್ಥವಿದ್ದರೆ ‘ಸರ್ವ್’. ಕನ್ನಡದಲ್ಲಿ ನಾಯಿಗೂ ನೆಂಟರಿಗೂ ಒಂದೇ ‘ಹಾಕು’ ಇರಬಹುದು, ಇಂಗ್ಲಿಷಿನಲ್ಲಿ ಮರ್ಯಾದೆ ಬೇರೆ ಬೇರೆ.

ಯೂನಿಫಾರ್ಮ್ ವಿಷಯದಲ್ಲಿ ಅವಳ ‘ಪುಟ್’ ಬದುಕಿತು. ಒಂದು ‘ಆನ್’ ಸೇರಿಸಿದರೆ ಸರಿ: “ಐ ಪುಟ್ ಆನ್ ಮೈ ಯೂನಿಫಾರ್ಮ್.” ‘ವೇರ್’ ಯಾಕಲ್ಲ ಎಂದು ಕೇಳಿದಳು. ‘ವೇರ್’ ಎಂದರೆ ಧರಿಸಿರುವ ಸ್ಥಿತಿ, ‘ಪುಟ್ ಆನ್’ ಎಂದರೆ ಹಾಕಿಕೊಳ್ಳುವ ಕ್ರಿಯೆ. ಬೆಳಿಗ್ಗೆ ಎಂಟಕ್ಕೆ ಹಾಕಿಕೊಂಡದ್ದನ್ನು ಸಂಜೆಯವರೆಗೆ ‘ವೇರ್’ ಮಾಡುತ್ತೇವೆ. ಅವಳು ಹೇಳುತ್ತಿದ್ದದ್ದು ಒಂದಾದ ಮೇಲೊಂದು ನಡೆಯುವ ಕೆಲಸಗಳನ್ನು, ಹಾಗಾಗಿ ‘ಪುಟ್ ಆನ್’.

ಉಳಿದದ್ದು ರಂಗೋಲಿ. ‘ಡ್ರಾ’ ಎಂದರೆ ಗೆರೆ ಎಳೆಯುವ ಕೈ ಕಾಣುತ್ತದೆ, ‘ಮೇಕ್’ ಎಂದರೆ ಮುಗಿದ ರಂಗೋಲಿ ಕಾಣುತ್ತದೆ. ಎರಡೂ ನಡೆಯುತ್ತವೆ. ಚುಕ್ಕಿ ಇಟ್ಟು ಎಳೆ ಸೇರಿಸುವ ರಂಗೋಲಿಯಾದರೆ ನಾನು ‘ಡ್ರಾ’ ಎನ್ನುತ್ತೇನೆ, ಹೂವಿನ ಎಸಳು ತುಂಬಿದ್ದಾದರೆ ‘ಮೇಕ್’. ಅವಳ ಅಮ್ಮ ಯಾವುದನ್ನು ಹಾಕುತ್ತಾರೆ ಎಂದು ಅವಳಿಗಲ್ಲದೆ ಇನ್ಯಾರಿಗೆ ಗೊತ್ತು?

ಮೂರನೆಯ ಹೆಜ್ಜೆ: ಒಂದಾಗದಿದ್ದರೆ ನಾಮಪದವನ್ನು ನಿಘಂಟಿನಲ್ಲಿ ನೋಡಿ

ಕನ್ನಡ-ಇಂಗ್ಲಿಷ್ ನಿಘಂಟು ತೆರೆದು ‘ಮಾಡು’ ನೋಡಿದರೆ ಒಂದು ಮಾರುದ್ದದ ಪಟ್ಟಿ ಸಿಗುತ್ತದೆ. ಅದರಲ್ಲಿ ಯಾವುದು ಎಲ್ಲಿ ಕೂರುತ್ತದೆ ಎಂದು ಗೊತ್ತಾಗುವುದು ಈಗಾಗಲೇ ಇಂಗ್ಲಿಷ್ ಬಂದವರಿಗೆ ಮಾತ್ರ. ವಿದ್ಯಾರ್ಥಿಗೆ ಬೇಕಾದದ್ದು ಕಲಿಯುವವರಿಗಾಗಿಯೇ ಮಾಡಿದ ಇಂಗ್ಲಿಷ್-ಇಂಗ್ಲಿಷ್ ನಿಘಂಟು. ಈ ಬಗೆಯ ನಿಘಂಟುಗಳಲ್ಲಿ ಹೆಸರಾದದ್ದರ ಹುಟ್ಟು ಇಂಗ್ಲೆಂಡಿನಲ್ಲಲ್ಲ, ಜಪಾನಿನಲ್ಲಿ. ಅಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ.ಎಸ್. ಹಾರ್ನ್‌ಬಿ ತಮ್ಮ ಇಬ್ಬರು ಸಹೋದ್ಯೋಗಿಗಳ ಜೊತೆ ಸಿದ್ಧಪಡಿಸಿದ ನಿಘಂಟು 1942ರಲ್ಲಿ ಟೋಕಿಯೊದಲ್ಲಿ ಪ್ರಕಟವಾಯಿತು. 1948ರಲ್ಲಿ ಆಕ್ಸ್‌ಫರ್ಡ್ ಅದನ್ನು ಕೈಗೆತ್ತಿಕೊಂಡಿತು. ನಮ್ಮ ಶಾಲಾ ಗ್ರಂಥಾಲಯಗಳಲ್ಲಿ ದಪ್ಪಗೆ ಕೂತಿರುವ ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿ ಅದರದೇ ಸಂತಾನ. ಕ್ರಿಯಾಪದದ ಅರ್ಥವಷ್ಟೇ ಸಾಲದು, ಅದರ ಹಿಂದೆ ಮುಂದೆ ಏನು ಬರುತ್ತದೆ ಎಂಬುದೂ ಕಲಿಯುವವನಿಗೆ ಬೇಕು ಎಂದು ಜಪಾನಿ ವಿದ್ಯಾರ್ಥಿಗಳಿಗೆ ಪಾಠ ಹೇಳಿದವರಿಗೆ ತಿಳಿದಿತ್ತು. ಈಗ ಅದು ಅಂತರ್ಜಾಲದಲ್ಲೂ ಉಚಿತವಾಗಿ ಸಿಗುತ್ತದೆ.

ನೋಡಬೇಕಾದ್ದು ನಾಮಪದದ ಅಡಿಯಲ್ಲಿ. ‘ತಪ್ಪು ಮಾಡಿದೆ’ ಎಂದು ಬರೆಯಬೇಕೆ? ‘ಮಾಡು’ ಬಿಡಿ, ‘ಮಿಸ್ಟೇಕ್’ ತೆಗೆಯಿರಿ. ಅಲ್ಲಿನ ಉದಾಹರಣೆಗಳಲ್ಲೇ ‘ಮೇಕ್’ ಕೂತಿರುತ್ತದೆ. ‘ಹೋಂವರ್ಕ್’ ತೆಗೆದರೆ ‘ಡೂ’. ‘ಅಟೆನ್ಷನ್’ ತೆಗೆದರೆ ‘ಪೇ’. ಗಮನವನ್ನು ನಾವು ಕೊಡುತ್ತೇವೆ, ಅವರು ಹಣದಂತೆ ಪಾವತಿ ಮಾಡುತ್ತಾರೆ. ‘ಫೋಟೋ’ ತೆಗೆದರೆ ‘ಟೇಕ್’, ಇಲ್ಲಿ ಅದೃಷ್ಟಕ್ಕೆ ನಮ್ಮ ‘ತೆಗೆ’ ಹೊಂದುತ್ತದೆ. ‘ಫೀಸ್ ಕಟ್ಟಿದೆ’ ಎಂಬುದಕ್ಕೆ ‘ಪೇ’, ‘ಹೂ ಕಟ್ಟಿದೆ’ ಎಂಬುದಕ್ಕೆ ‘ಸ್ಟ್ರಿಂಗ್’, ‘ಮನೆ ಕಟ್ಟಿದೆವು’ ಎಂಬುದಕ್ಕೆ ‘ಬಿಲ್ಡ್’, ಮೂಗು ಕಟ್ಟಿದರೆ ‘ಬ್ಲಾಕ್ಡ್’.

‘ಮೇಕ್’ ಎಂದರೆ ಹೊಸದನ್ನು ಸೃಷ್ಟಿಸುವುದು, ‘ಡೂ’ ಎಂದರೆ ಕೆಲಸ ಮಾಡುವುದು ಎಂಬ ಸೂತ್ರವನ್ನು ಹಲವು ಗೈಡ್‌ಗಳು ಕೊಡುತ್ತವೆ. ನಾನೂ ಕೆಲವು ವರ್ಷ ಹೇಳಿದ್ದೆ. ಅದು ಅರ್ಧ ದಾರಿಯವರೆಗೆ ಮಾತ್ರ ಬರುವ ಬಸ್ಸು. ಬೆಳಿಗ್ಗೆ ಎದ್ದು ಹಾಸಿಗೆ ಸರಿಪಡಿಸುವುದು ‘ಮೇಕ್ ದ ಬೆಡ್’, ಅಲ್ಲಿ ಯಾವ ಮಂಚವೂ ಹೊಸದಾಗಿ ತಯಾರಾಗುವುದಿಲ್ಲ. ಹಾನಿ ಮಾಡುವುದು ‘ಡೂ ಡ್ಯಾಮೇಜ್’, ಹಾನಿ ಹೊಸದಾಗಿಯೇ ಹುಟ್ಟಿದ್ದರೂ. ಸೂತ್ರ ಬಿಟ್ಟು ಜೋಡಿಗಳನ್ನೇ ಕಲಿಸುವುದು ವಾಸಿ. ನಾಮಪದಗಳಿಗೆಂದೇ ನೋಟ್‌ಬುಕ್ಕಿನ ಕೊನೆಯಲ್ಲಿ ನಾಲ್ಕು ಪುಟ ಬಿಡಿಸಿ. ಎಡಗಡೆ ನಾಮಪದ, ಬಲಗಡೆ ಅದರ ಜೊತೆಗಾರ. ‘ಪ್ರಾಮಿಸ್’ ಎದುರು ‘ಮೇಕ್’, ‘ಕೀಪ್’, ‘ಬ್ರೇಕ್’ ಮೂರೂ ಬರಲಿ. ಮಾತು ಕೊಡುವುದು, ಉಳಿಸಿಕೊಳ್ಳುವುದು, ತಪ್ಪುವುದು.

ನಾಲ್ಕನೆಯ ಹೆಜ್ಜೆ: ‘ನನಗೆ’ ಇದ್ದಲ್ಲಿ ಎಚ್ಚರ

ಮಕ್ಕಳು ಅತಿ ಹೆಚ್ಚು ಎಡವುವುದು ಇಲ್ಲಿ. ತಿದ್ದುವವರು ಅತಿ ಕಡಿಮೆ ವಿವರಿಸುವುದೂ ಇಲ್ಲೇ. ಮೈಮನಸ್ಸಿಗೆ ಆಗುವುದನ್ನೆಲ್ಲ ಕನ್ನಡ ‘ನನಗೆ’ ಎಂದು ಶುರುಮಾಡುತ್ತದೆ. ನನಗೆ ಹಸಿವಾಗಿದೆ, ನನಗೆ ನಿದ್ದೆ ಬರುತ್ತಿದೆ, ನನಗೆ ಜ್ವರ ಬಂದಿದೆ, ನನಗೆ ಕನಸು ಬಿತ್ತು, ನನಗೆ ಈಜು ಬರುತ್ತದೆ, ನನಗೆ ಗೊತ್ತು, ನನಗೆ ಬೇಕು. ಹಸಿವು, ನಿದ್ದೆ, ಜ್ವರ, ಕನಸುಗಳೇ ಇಲ್ಲಿ ಕರ್ತೃ. ಅವು ಬರುತ್ತವೆ, ಬೀಳುತ್ತವೆ, ಆಗುತ್ತವೆ. ನಾನು ಸುಮ್ಮನೆ ಇರುತ್ತೇನೆ.

ಇಂಗ್ಲಿಷ್ ‘ನಾನು’ವನ್ನು ಎಳೆದು ಮುಂದೆ ನಿಲ್ಲಿಸುತ್ತದೆ. ಹಾಗಾಗಿ “ಫೀವರ್ ಕೇಮ್ ಟು ಮಿ” ಎಂದು ಬರೆದ ಮಗುವಿಗೆ ‘ಕಮ್’ ಬದಲು ಇನ್ನೊಂದು ಕ್ರಿಯಾಪದ ಕೊಟ್ಟರೆ ಸಾಲದು, ವಾಕ್ಯದ ತಲೆಯನ್ನೇ ಬದಲಿಸಬೇಕು. ನಾನು ಮೂರು ಗುಂಪು ಮಾಡಿಸುತ್ತೇನೆ. ಕಾಯಿಲೆ, ಕನಸು, ಅನುಭವಗಳಾದರೆ ‘ಹ್ಯಾವ್’: “ಐ ಹ್ಯಾವ್ ಎ ಫೀವರ್”, “ಐ ಹ್ಯಾಡ್ ಎ ಡ್ರೀಮ್”. ಹಸಿವು, ಬಾಯಾರಿಕೆ, ನಿದ್ದೆ, ಭಯಗಳಾದರೆ ಬೇರೆ ಕ್ರಿಯಾಪದವೇ ಬೇಡ, ‘ಆ್ಯಮ್’ ಜೊತೆ ಗುಣವಾಚಕ: “ಐ ಆ್ಯಮ್ ಹಂಗ್ರಿ”, “ಐ ಆ್ಯಮ್ ಸ್ಲೀಪಿ”. ವಿದ್ಯೆ, ಕೌಶಲಗಳಾದರೆ ‘ಕ್ಯಾನ್’: ಈಜು ಬರುತ್ತದೆ ಎಂದರೆ “ಐ ಕ್ಯಾನ್ ಸ್ವಿಮ್”. ಈ ಮೂರು ಸಾಲು ಗೋಡೆಗೆ ಅಂಟಿಸಿದ ಮೇಲೆ ನನ್ನ ಕೆಂಪು ಶಾಯಿ ಎಷ್ಟೋ ಉಳಿಯಿತು.

‘ಗೊತ್ತು’, ‘ಬೇಕು’, ‘ಇಷ್ಟ’ಗಳದು ಇನ್ನೊಂದು ತೊಡಕು. ಕನ್ನಡದಲ್ಲಿ ಇವು ಉಳಿದ ಕ್ರಿಯಾಪದಗಳ ಹಾಗೆ ಬಾಗುವುದಿಲ್ಲ. ‘ಗೊತ್ತುತ್ತೇನೆ’ ಎಂದು ಯಾರೂ ಹೇಳುವುದಿಲ್ಲವಲ್ಲ. ಇಂಗ್ಲಿಷಿನ ‘ನೋ’, ‘ವಾಂಟ್’, ‘ಲೈಕ್’ಗಳೂ ಸ್ಥಿತಿಯನ್ನು ಹೇಳುವ ಪದಗಳು, ಸಾಮಾನ್ಯವಾಗಿ ‘ಇಂಗ್’ ಹಚ್ಚಿಕೊಳ್ಳುವುದಿಲ್ಲ. “ಐ ಆ್ಯಮ್ ನೋಯಿಂಗ್” ಎಂದು ಬರೆದವನಿಗೆ ‘ಗೊತ್ತುತ್ತೇನೆ’ ಎಂದು ಹೇಳಿ ತೋರಿಸಿ, ಮತ್ತೆ ವಿವರಿಸಬೇಕಾಗಿಲ್ಲ. ಇದೇ ಕಾರಣಕ್ಕೆ ಇಬ್ಬರು ತಮ್ಮಂದಿರಿರುವುದು “ಐ ಹ್ಯಾವ್ ಟೂ ಬ್ರದರ್ಸ್”. ಆದರೆ ಊಟ ಮಾಡುತ್ತಿರುವುದು “ಐ ಆ್ಯಮ್ ಹ್ಯಾವಿಂಗ್ ಲಂಚ್”. ತಮ್ಮಂದಿರು ಇರುವುದು ಸ್ಥಿತಿ, ಊಟ ಮಾಡುವುದು ಕೆಲಸ.

ಐದನೆಯ ಹೆಜ್ಜೆ: ಕ್ರಿಯಾಪದದ ಬೆನ್ನಿಗಿರುವ ಪದ

ಕ್ರಿಯಾಪದ ಸರಿಯಾಗಿಯೇ ಇದ್ದು ಅದರ ಹಿಂದೆ ಬಾಲ ಅಂಟಿಕೊಂಡು ಕೆಡುವುದುಂಟು. ಈ ಬಾಲ ಹೆಚ್ಚಾಗಿ ನಮ್ಮ ವಿಭಕ್ತಿಯದೋ ಅವ್ಯಯದ್ದೋ ಆಗಿರುತ್ತದೆ. ವಿಷಯದ ‘ಬಗ್ಗೆ’ ಚರ್ಚಿಸಿದೆವು ಎಂಬುದರಿಂದ “ಡಿಸ್ಕಸ್ ಅಬೌಟ್”. ಅವಳ ‘ಜೊತೆ’ ಮದುವೆಯಾದ ಎಂಬುದರಿಂದ “ಮ್ಯಾರೀಡ್ ವಿತ್ ಹರ್”. ‘ನನಗೆ’ ವಿವರಿಸಿ ಎಂಬುದರಿಂದ “ಎಕ್ಸ್‌ಪ್ಲೇನ್ ಮಿ”. ಕೋಣೆಯ ‘ಒಳಗೆ’ ಪ್ರವೇಶಿಸಿದರು ಎಂಬುದರಿಂದ “ಎಂಟರ್ಡ್ ಇನ್‌ಟು ದ ರೂಮ್”. ‘ಡಿಸ್ಕಸ್’, ‘ಮ್ಯಾರಿ’, ‘ಎಂಟರ್’ಗಳು ನೇರವಾಗಿ ಕರ್ಮವನ್ನು ಹಿಡಿಯುತ್ತವೆ, ನಡುವೆ ಯಾರೂ ಬೇಡ. ‘ಎಕ್ಸ್‌ಪ್ಲೇನ್’ ಮಾತ್ರ ತದ್ವಿರುದ್ಧ: ವಿವರಿಸುವ ವಿಷಯ ಮೊದಲು, ಆಮೇಲೆ ‘ಟು ಮಿ’.

‘ಸೇ’ ಮತ್ತು ‘ಟೆಲ್’ ಇಲ್ಲೇ ಬರುತ್ತವೆ. ಎರಡೂ ನಮಗೆ ‘ಹೇಳು’. ಯಾರಿಗೆ ಹೇಳಿದ್ದು ಎಂದು ಕೂಡಲೇ ಹಿಂದೆ ಬಂದರೆ ‘ಟೆಲ್’, ಹೇಳಿದ ಮಾತು ಬಂದರೆ ‘ಸೇ’. “ಟೋಲ್ಡ್ ಮಿ”, ಆದರೆ “ಸೆಡ್ ದ್ಯಾಟ್”. “ಸೆಡ್ ಮಿ” ಎಂಬುದು ಯಾವ ಊರಿನದೂ ಅಲ್ಲ.

ಒಂದು ಪದ, ಹಲವು ಬಾಗಿಲು

‘ಕೇಳು’, ‘ನೋಡು’, ‘ಬಿಡು’ಗಳ ಕಥೆ ಬೇರೆ. ಇವು ಹಗುರವಲ್ಲ, ಅರ್ಥ ತುಂಬಿದವು. ಆದರೆ ಇಂಗ್ಲಿಷಿನಲ್ಲಿ ಒಡೆದು ಚೂರಾಗುತ್ತವೆ. ಕಿವಿಗೆ ಬಿದ್ದದ್ದು ‘ಹಿಯರ್’, ಕಿವಿಗೊಟ್ಟದ್ದು ‘ಲಿಸನ್’, ಪ್ರಶ್ನೆ ಕೇಳಿದ್ದು ‘ಆಸ್ಕ್’. ಕಣ್ಣಿಗೆ ಬಿದ್ದದ್ದು ‘ಸೀ’, ಕಣ್ಣು ಹಾಯಿಸಿದ್ದು ‘ಲುಕ್’, ಕ್ರಿಕೆಟ್ ಪಂದ್ಯದಂತೆ ನಡೆಯುತ್ತಿರುವುದನ್ನು ನೋಡಿದ್ದು ‘ವಾಚ್’. ಹೋದ ವರ್ಷ ಪ್ರವಾಸಕ್ಕೆ ಹೋಗಿ ಹಂಪಿ ನೋಡಿ ಬಂದದ್ದಾದರೆ ‘ವಿಸಿಟ್’.

‘ಬಿಡು’ ಹೆಚ್ಚು ಅಪಾಯದ್ದು. ಅಪ್ಪ ಸ್ಕೂಟರಿನಲ್ಲಿ ಶಾಲೆಗೆ ಬಿಟ್ಟರು ಎಂಬುದನ್ನು ಒಬ್ಬ ಹುಡುಗ “ಮೈ ಫಾದರ್ ಲೆಫ್ಟ್ ಮಿ” ಎಂದು ಬರೆದು ವಾಕ್ಯ ಮುಗಿಸಿದ್ದ. ಓದಿದವರಿಗೆ ಎದೆ ಧಸಕ್ಕೆನ್ನಬೇಕು, ತಂದೆ ಮಗನನ್ನು ತೊರೆದು ಹೋದ ಹಾಗಿದೆ. ಅದು “ಡ್ರಾಪ್ಡ್ ಮಿ ಆಫ್ ಅಟ್ ಸ್ಕೂಲ್”. ಅದೇ ಅಪ್ಪ ಬೀಡಿ ಬಿಟ್ಟರೆ ‘ಗೇವ್ ಅಪ್’, ಬಸ್ಸು ಬಿಟ್ಟರೆ ‘ಲೆಫ್ಟ್’, ಮಲ್ಲಿಗೆ ಹೂ ಬಿಟ್ಟರೆ ‘ಬ್ಲೂಮ್’.

ಆರನೆಯ ಹೆಜ್ಜೆ: ದೊಡ್ಡ ಪದದ ಮೋಹ ಬಿಡಿಸಿ

ಇಷ್ಟೆಲ್ಲ ಕಲಿತ ಮೇಲೆ ಜಾಣ ವಿದ್ಯಾರ್ಥಿಗೆ ಹೊಸ ರೋಗ ಹಿಡಿಯುತ್ತದೆ. ‘ಬೈ’ ಬದಲು ‘ಪರ್ಚೇಸ್’, ‘ಸ್ಟಾರ್ಟ್’ ಬದಲು ‘ಕಮೆನ್ಸ್’, ‘ಈಟ್’ ಬದಲು ‘ಕನ್ಸ್ಯೂಮ್’, ‘ಯೂಸ್’ ಬದಲು ‘ಯುಟಿಲೈಸ್’. ಎರಡು ರೂಪಾಯಿಯ ಪೆನ್ಸಿಲನ್ನು ‘ಪರ್ಚೇಸ್’ ಮಾಡುವವರು ಸರ್ಕಾರಿ ಕಚೇರಿಯ ದಾಸ್ತಾನು ವಿಭಾಗದವರು ಮಾತ್ರ. ಕನ್ನಡದಲ್ಲಿ ‘ನಾನು ಇಡ್ಲಿಯನ್ನು ಸೇವಿಸಿದೆನು’ ಎಂದು ಯಾವ ಹುಡುಗನಾದರೂ ಅಮ್ಮನಿಗೆ ಹೇಳುತ್ತಾನೆಯೇ ಎಂದು ಕೇಳಿ. ಸಹಜವಾದದ್ದು ಎಂದರೆ ಆ ಸಂದರ್ಭಕ್ಕೆ ಒಪ್ಪುವುದು. ಪ್ರಬಂಧಕ್ಕೆ ‘ಬೈ’ ಸಾಕು. ಟೆಂಡರಿಗೆ ‘ಪರ್ಚೇಸ್’ ಇರಲಿ.

ರಜಾ ಅರ್ಜಿಗಳಲ್ಲಿ ಅಜ್ಜ ತೀರಿಕೊಂಡದ್ದನ್ನು ‘ಎಕ್ಸ್‌ಪೈರ್ಡ್’ ಎಂದು ಬರೆಯುವ ಪದ್ಧತಿಯನ್ನಂತೂ ನಾನು ಬಿಡಿಸಿಯೇ ತೀರುತ್ತೇನೆ. ಔಷಧಿಯ ಬಾಟಲಿಗೂ ಅಜ್ಜನಿಗೂ ಒಂದೇ ಪದ ಬೇಡ. ‘ಡೈಡ್’ ಅಥವಾ ‘ಪಾಸ್ಡ್ ಅವೇ’ ಎಂದರೆ ಸಾಕು.

ಅನುಮಾನ ಉಳಿದರೆ

ಗೂಗಲ್‌ನಲ್ಲಿ ಹುಡುಕಿ, ಎಷ್ಟು ಫಲಿತಾಂಶ ಬಂದವು ಎಂದು ನೋಡಿ ನಿರ್ಧರಿಸುವವರಿದ್ದಾರೆ. “ಡಿಸ್ಕಸ್ ಅಬೌಟ್” ಕೊಟ್ಟು ನೋಡಿ, ರಾಶಿ ಬೀಳುತ್ತದೆ. ಬರೆದವರಲ್ಲಿ ನಮ್ಮಂಥವರೇ ಎಷ್ಟೋ ಮಂದಿ. ಅದಕ್ಕಿಂತ ನಂಬಿಕೆಗೆ ಅರ್ಹವಾದದ್ದು ಕಾರ್ಪಸ್, ಅಂದರೆ ಮೂಲ ನಮೂದಿಸಿ ಕಲೆಹಾಕಿದ ಬರಹಗಳ ಭಂಡಾರ. ಕೋಕಾ ಎಂದು ಕರೆಯುವ ಸಮಕಾಲೀನ ಅಮೆರಿಕನ್ ಇಂಗ್ಲಿಷಿನ ಕಾರ್ಪಸ್‌ನಲ್ಲಿ 1990ರಿಂದ 2019ರವರೆಗಿನ ನೂರು ಕೋಟಿಗೂ ಹೆಚ್ಚು ಪದಗಳಿವೆ. ಬ್ರಿಟಿಷ್ ನ್ಯಾಷನಲ್ ಕಾರ್ಪಸ್‌ನಲ್ಲಿ ಹತ್ತು ಕೋಟಿ. ಹೆಸರು ನೋಂದಾಯಿಸಿಕೊಂಡರೆ ಉಚಿತವಾಗಿ ಹುಡುಕಬಹುದು.

ಹುಡುಕುವಾಗ ‘ಇದೆಯೋ ಇಲ್ಲವೋ’ ಎಂದು ನೋಡಬೇಡಿ, ಎರಡನ್ನು ತೂಗಿ ನೋಡಿ. ‘ಡಿಸಿಷನ್’ ಜೊತೆ ‘ಮೇಕ್’ ಎಷ್ಟು ಸಲ, ‘ಟೇಕ್’ ಎಷ್ಟು ಸಲ? ಅಮೆರಿಕನ್ನರು ‘ಮೇಕ್’ ಕಡೆಗೇ ವಾಲುತ್ತಾರೆ, ಬ್ರಿಟಿಷರು ಎರಡನ್ನೂ ಬಳಸುತ್ತಾರೆ. ಸ್ನಾನ ಬ್ರಿಟಿಷರಿಗೆ ಹೆಚ್ಚಾಗಿ ‘ಹ್ಯಾವ್ ಎ ಬಾತ್’, ಅಮೆರಿಕನ್ನರಿಗೆ ‘ಟೇಕ್ ಎ ಬಾತ್’. ಇಂಥ ಕಡೆ ಮಗು ಯಾವುದನ್ನು ಬರೆದರೂ ಪೆನ್ನು ಕೆಳಗಿಡಿ.

ನಮ್ಮದೇ ಇಂಗ್ಲಿಷಿನ ವಿಚಾರ

‘ಪರೀಕ್ಷೆ ಬರೆದೆ’ ಎಂಬುದರಿಂದ “ಐ ರೋಟ್ ದ ಎಕ್ಸಾಮ್” ಬರುತ್ತದೆ. ಇದನ್ನು ತಪ್ಪು ಎಂದು ಹೊಡೆದುಹಾಕುವ ಶಿಕ್ಷಕರಿದ್ದಾರೆ. ಕೆನಡಾದಲ್ಲೂ ದಕ್ಷಿಣ ಆಫ್ರಿಕಾದಲ್ಲೂ ಪರೀಕ್ಷೆ ಬರೆಯುತ್ತಾರೆ ಎಂದು ಅವರಿಗೆ ಹೇಳಬೇಕು. ಬ್ರಿಟನ್ನಿನಲ್ಲಿ ‘ಟೇಕ್’ ಅಥವಾ ‘ಸಿಟ್’, ಅಮೆರಿಕದಲ್ಲಿ ‘ಟೇಕ್’. ಎಸ್ಸೆಸ್ಸೆಲ್ಸಿ ಉತ್ತರಪತ್ರಿಕೆಯಲ್ಲಿ ‘ರೈಟ್’ ಇದ್ದರೆ ನಾನು ಮುಟ್ಟುವುದಿಲ್ಲ. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಗೆ ತಯಾರಾಗುವವರಿಗೆ ‘ಟೇಕ್’ ಎಂದು ಅಭ್ಯಾಸ ಮಾಡಿಸುತ್ತೇನೆ. “ಗೇವ್ ದ ಎಕ್ಸಾಮ್” ಹಿಂದಿಯ ದಾರಿಯಿಂದ ಬಂದದ್ದು, ಕೊಟ್ಟವರು ಪರೀಕ್ಷೆ ನಡೆಸಿದವರು ಎಂದು ಹೊರಗಿನ ಓದುಗ ತಿಳಿಯುತ್ತಾನೆ.

‘ಪ್ರೀಪೋನ್’ ಈಗ ಭಾರತೀಯ ಬಳಕೆ ಎಂಬ ಗುರುತಿನೊಂದಿಗೆ ಆಕ್ಸ್‌ಫರ್ಡ್ ನಿಘಂಟನ್ನು ಸೇರಿದೆ, ಅದಕ್ಕೆ ಸಂಕೋಚ ಬೇಡ. ‘ಪಾಸ್ಡ್ ಔಟ್’ ಹಾಗಲ್ಲ. ಕಾಲೇಜು ಮುಗಿಸಿದೆ ಎಂದು ನೀವು ಬರೆದರೆ, ವಿದೇಶದ ಓದುಗ ನೀವು ಮೂರ್ಛೆ ಹೋದಿರಿ ಎಂದುಕೊಂಡಾನು. ಓದುವವರಿಗೆ ಬೇರೆ ಅರ್ಥ ಕೊಡುವುದನ್ನು ತಿದ್ದಿ, ಬೇರೆ ಊರಿನ ವಾಸನೆ ಅಷ್ಟೇ ಇರುವುದನ್ನು ಬಿಡಿ. ನನ್ನ ಅಳತೆಗೋಲು ಇಷ್ಟೇ.

ತಿದ್ದುವವರಿಗೆ ಒಂದು ಮಾತು

ಕ್ರಿಯಾಪದಕ್ಕೆ ಸುತ್ತು ಹಾಕುವುದನ್ನು ನಾನು ನಿಲ್ಲಿಸಿದ್ದೇನೆ. ಈಗ ಸುತ್ತು ಬೀಳುವುದು ಪಕ್ಕದ ನಾಮಪದಕ್ಕೆ. ‘ರೈಸ್’, ‘ವಾಟರ್’, ‘ಲಾಕ್’ಗಳಿಗೆ ಹಸಿರು ಸುತ್ತು ಕಂಡರೆ ಮಗು ಕ್ರಿಯಾಪದವನ್ನು ತಾನೇ ಹುಡುಕಿ ತರುತ್ತದೆ. ಉತ್ತರವನ್ನು ನಾನೇ ಬರೆದುಕೊಟ್ಟ ಪುಟಗಳಲ್ಲಿ ಅದೇ ತಪ್ಪು ಮುಂದಿನ ತಿಂಗಳೂ ಬರುತ್ತಿತ್ತು. ಮೊಬೈಲ್ ಅನುವಾದಕದ ಕಥೆಯೂ ಹೀಗೇ: ವಾಕ್ಯ ಸರಿ ಮಾಡಿ ಕೊಡು ಎಂದರೆ ಕೊಡುತ್ತದೆ, ಮಗುವಿನ ಕೈಗೆ ಏನೂ ಅಂಟುವುದಿಲ್ಲ. ಒಂದು ಪುಟಕ್ಕೆ ಮೂರು ಸುತ್ತು ಸಾಕು. ಮೂವತ್ತು ಬಿದ್ದರೆ ಯಾರೂ ಓದುವುದಿಲ್ಲ.

ಆ ಹುಡುಗಿ ಎರಡು ವಾರದ ಮೇಲೆ ಮತ್ತೆ ಬಂದಳು. ಮನೆಯಲ್ಲಿ ಕೇಳಿಸಿದ ‘ಹಾಕು’ಗಳನ್ನೆಲ್ಲ ಪಟ್ಟಿ ಮಾಡಿದ್ದಳು, ಅಜ್ಜಿಯೂ ಕೈಜೋಡಿಸಿದ್ದರಂತೆ. ಜಡೆ ಹಾಕು, ಬೆಕ್ಕು ಮರಿ ಹಾಕಿತು, ಫ್ಯಾನ್ ಹಾಕು, ಚಕ್ಕಳಮಕ್ಕಳ ಹಾಕಿ ಕೂತುಕೊ. ಜಡೆಗೆ ‘ಪ್ಲ್ಯಾಟ್’ ಎಂದು ನಿಘಂಟು ನೋಡಿ ಬರೆದಿದ್ದಳು. ಬೆಕ್ಕಿನದು ‘ಹ್ಯಾಡ್ ಕಿಟನ್ಸ್’, ಫ್ಯಾನಿನದು ‘ಟರ್ನ್ ಆನ್’, ಚಕ್ಕಳಮಕ್ಕಳಕ್ಕೆ ‘ಸಿಟ್ ಕ್ರಾಸ್-ಲೆಗ್ಡ್’. ಕೊನೆಯದರ ಎದುರು ಮಾತ್ರ ಖಾಲಿ ಇತ್ತು: ಒಗ್ಗರಣೆ ಹಾಕು. ಅಡುಗೆ ಪುಸ್ತಕಗಳಲ್ಲಿ ‘ಟೆಂಪರ್’ ಎಂದು ಬರೆಯುತ್ತಾರೆ ಎಂದೆ. ಅವಳಿಗೆ ಗೊತ್ತಿದ್ದ ‘ಟೆಂಪರ್’ ಎಂದರೆ ಕೋಪ, ಹಾಗಾಗಿ ಒಪ್ಪಲಿಲ್ಲ. ಅಲ್ಲೇ ನಿಂತು ಪೆನ್ಸಿಲಿನಲ್ಲಿ ಬರೆದಳು: “ಶಿ ಹೀಟ್ಸ್ ಆಯಿಲ್ ವಿತ್ ಮಸ್ಟರ್ಡ್ ಸೀಡ್ಸ್ ಆ್ಯಂಡ್ ಪೋರ್ಸ್ ಇಟ್ ಓವರ್ ದ ಸಾರು.” ‘ಹೀಟ್ಸ್’ ಎಣ್ಣೆಗೆ ಕೂತಿತ್ತು, ಗಿಡಕ್ಕೆ ಒಪ್ಪದ ‘ಪೋರ್’ ಇಲ್ಲಿ ತನ್ನ ಜಾಗ ಕಂಡುಕೊಂಡಿತ್ತು. ಸಾರನ್ನು ಅವಳು ಸಾರಾಗಿಯೇ ಉಳಿಸಿದ್ದಳು, ನಾನೂ ಅದಕ್ಕೆ ಸುತ್ತು ಹಾಕಲಿಲ್ಲ.